ಖಣದ ಮೇಲಿನ ಹಕ್ಕಿ

ಬೆಂಗಳೂರು
12 ಆಗಸ್ಟ್ 1981

ಗುರುಸಿದ್ದವ್ವಕ್ಕನಿಗೆ ತಮ್ಮ ಶಂಕ್ರಪ್ಪನ ಶರಣು.

ನಾನೂ ಸಂಗವ್ವಳೂ ಆರಾಮ ಇದ್ದೇವೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ನನ್ನ ಹೆಂಡತಿ ಬೆಂಗಳೂರಿನ ಸೊಪ್ಪಿನವರ ಜೊತೆ ಜಗಳ ಆಡುವಷ್ಟು ಜೋರಾಗಿದ್ದಾಳೆ. ರೊಟ್ಟಿ ಮಾತ್ರ ಇನ್ನೂ ನಿನ್ನಂತೆ ಬಡಿಯಲು ಬರುವುದಿಲ್ಲ. ಇದನ್ನು ಅವಳಿಗೆ ಹೇಳಬೇಡ.

ವಿಷಯಕ್ಕೆ ಬರುತ್ತೇನೆ. ನಮ್ಮ ಕೈಮಗ್ಗದ ಕಚೇರಿಯಲ್ಲಿ ಒಂದೊಂದು ಸೀಮೆಗೂ ಒಂದೊಂದು ಗುರುತು ಆರಿಸುತ್ತಿದ್ದಾರೆ. ಆ ಸೀಮೆಯ ಬಟ್ಟೆ, ಬೋರ್ಡು, ಕಾಗದ ಎಲ್ಲದರ ಮೇಲೂ ಅದೇ ಚಿತ್ರ ಇರಬೇಕು. ಒಬ್ಬರು ಆನೆ ಅಂದರು, ಇನ್ನೊಬ್ಬರು ನವಿಲು ಅಂದರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಸೇರಿದ ನಮ್ಮ ಸೀಮೆಗೆ ಏನು ಅಂತ ಕೇಳಿದಾಗ ನಾನು ಎದ್ದು ನಿಂತು ‘ಬಾಲದಂಡೆ ಹಕ್ಕಿ’ ಅಂದೆ. ಎಲ್ಲರೂ ನನ್ನ ಮುಖ ನೋಡಿದರು. ಮಹಾಕೂಟದ ಹೊಂಡದಲ್ಲಿ ನೀನು ನನ್ನ ತಲೆ ತಿಕ್ಕಿ ತಿಕ್ಕಿ ಅಳಿಸುವಾಗ ಆಲದ ಬಿಳಲಿನ ಮೇಲೆ ಬಂದು ಕೂರುತ್ತಿತ್ತಲ್ಲ, ಅದೇ. ಕರಿ ತಲೆ, ಬಿಳಿ ಮೈ, ಮೊಳದುದ್ದ ಬಾಲ. ಹಾರುವ ನೊಣವನ್ನು ಗಾಳಿಯಲ್ಲೇ ಹಿಡಿದು ಸದ್ದಿಲ್ಲದೆ ತಿರುಗಿ ಬಂದು ಕೂರುತ್ತಿತ್ತು. ಸಾಹೇಬರಿಗೆ ಚಿತ್ರ ಬರೆದು ತೋರಿಸಿದೆ, ಮೆಚ್ಚಿದರು.

ಈಗ ಮಲಕಪ್ಪ ಮಾಮಾ ಕುಪ್ಪಸಕ್ಕೆ ಆ ಹಕ್ಕಿಯ ಖಣ ನೇಯ್ದುಕೊಡಬೇಕು. ನಮ್ಮ ಅಕ್ಕನ ಗಂಡನಂಥ ಕೈ ಗುಳೇದಗುಡ್ಡದಲ್ಲೇ ಇನ್ನೊಂದಿಲ್ಲ ಅಂತ ಜಂಬ ಕೊಚ್ಚಿ ಬಂದಿದ್ದೇನೆ. ಹಸಿರು ಒಡಲು, ಅದರ ತುಂಬ ಬಿಳಿ ಹಕ್ಕಿ. ಕೂಡಲಸಂಗಮದಲ್ಲಿ ಸಮಾರಂಭ ಮಾಡಿ, ನೇಕಾರರ ಮನೆಯ ಮುತ್ತೈದೆಯರಿಗೆಲ್ಲ ಅದೇ ಖಣದಿಂದ ಉಡಿ ತುಂಬಿಸುವ ವಿಚಾರವಿದೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿ, ಸಾಲೆ ಕಲಿಸಿದ ಮಾಮಾ ಇಷ್ಟು ಮಾಡಲಿಕ್ಕಿಲ್ಲವೇ?

ನಿನ್ನ ತಮ್ಮ
ಶಂಕ್ರಪ್ಪ


ಗುಳೇದಗುಡ್ಡ
25 ಆಗಸ್ಟ್ 1981

ಶಂಕ್ರಪ್ಪಾ,

ನಿನ್ನ ಪತ್ರ ಓದಿ, ಇವನನ್ನು ಸಾಲೆಗೆ ಕಳಿಸಿದ್ದು ದಂಡವಾಯಿತಲ್ಲ ಅನ್ನಿಸಿತು. ಮುತ್ತೈದೆಯ ಉಡಿಯಲ್ಲಿ ಯಾರಾದರೂ ಬಿಳಿ ಹಕ್ಕಿ ಹಾಕುತ್ತಾರೇನೋ? ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಮೇಲೊಂದು ಖಣ. ಸೆರಗೊಡ್ಡಿ ನಿಂತವಳ ಉಡಿಯಲ್ಲಿ ಬಿದ್ದದ್ದು ಅವಳದೇ ಆಯಿತು. ಬೇಡ ಅನ್ನುವಂತಿಲ್ಲ, ತಿರುಗಿ ಕೊಡುವಂತಿಲ್ಲ. ಆ ಖಣದ ಬಣ್ಣ ಅಂದರೆ ಅವಳ ಗಂಡನ ಆಯುಷ್ಯ. ಇಷ್ಟೂ ಮರೆತು ಹೋಯಿತೇ ನಿನಗೆ?

ಸೋಮವಾರ ಮಹಾಕೂಟಕ್ಕೆ ಹೋಗಿದ್ದೆ. ಹೊಂಡದ ಹತ್ತಿರ ಕುರಿ ಮೇಯಲು ಬಿಟ್ಟು ಕೂರುವ ಹುಚ್ಚವ್ವ, ಅದೇ ಬೀರಪ್ಪನ ಒಕ್ಕಲಿನ ಮುದುಕಿ, ನಿನಗೆ ನೆನಪಿರಬೇಕು. ನಿನ್ನ ಹಕ್ಕಿಯ ವಿಚಾರ ತೆಗೆದೆ. ಅವಳು ನಗಲಿಲ್ಲ. “ಆ ಹಕ್ಕಿ ಎರಡು ಬಣ್ಣ ಉಟಗೊಂಡು ಬರತೈತೆವ್ವಾ. ಕೆಂಪು ಉಟಗೊಂಡು ಬಂದ್ರ ಮನಿ ನೋಡಾಕ ಬಂದೈತಿ. ಬೆಳ್ಳಗ ಬಂದ್ರ ಕರಕೊಂಡು ಹೋಗಾಕ ಬಂದೈತಿ. ಅದನ್ನ ಅರಿವ್ಯಾಗ ಕೂಡಿಸಿ ಮನ್ಯಾಗ ಇಟಗೋಬ್ಯಾಡ್ರಿ” ಅಂದಳು. ಮುದುಕಿಯ ಮಾತು, ಬಿಡು. ಆದರೂ ದಾರಿಯುದ್ದಕ್ಕೂ ನಾನು ಗಿಡಗಳ ಕಡೆ ನೋಡಲಿಲ್ಲ.

ನಿನ್ನ ಮಾಮಾನಿಗೆ ಮಾತ್ರ ಚಿತ್ರ ಬಹಳ ಹಿಡಿಸಿದೆ. ಊಟ ಬಿಟ್ಟು ಬಾಲದ ಎಳೆ ಲೆಕ್ಕ ಹಾಕುತ್ತ ಕೂತಿದ್ದಾರೆ. “ಬಿಳೇದು ಬ್ಯಾಡಂದ್ರ ಕೆಂಪು ಮಾಡೂನು. ಹುಡುಗ ಮಂದ್ಯಾಗ ಮಾತು ಕೊಟ್ಟು ಬಂದಾನ, ತಲಿ ತಗ್ಗಸೂದು ಬ್ಯಾಡ” ಅನ್ನುತ್ತಾರೆ. ನಮಗೆ ಮಕ್ಕಳಿಲ್ಲದ್ದಕ್ಕೆ ನೀನು ಹೇಳಿದ್ದೆಲ್ಲ ನಡೆಯುತ್ತದೆ.

ಗುರುಸಿದ್ದವ್ವ


ಬೆಂಗಳೂರು
9 ಸೆಪ್ಟೆಂಬರ್ 1981

ಅಕ್ಕಾ,

ಕೆಂಪೇ ಆಗಲಿ, ನೀನೇ ಗೆದ್ದೆ. ಇಲ್ಲಿ ಪಕ್ಷಿಗಳನ್ನು ಬಲ್ಲ ಒಬ್ಬರನ್ನು ವಿಚಾರಿಸಿದೆ. ಕೆಂಪು ಬಿಳಿ ಎರಡೂ ಒಂದೇ ಹಕ್ಕಿಯಂತೆ. ಗಂಡು ಹರೆಯದಲ್ಲಿ ಕೆಂಪಗಿದ್ದು ವಯಸ್ಸಾದಂತೆ ಬೆಳ್ಳಗಾಗುತ್ತದೆ, ಹೆಣ್ಣು ಕೊನೆಯವರೆಗೂ ಕೆಂಪು. ನಮ್ಮ ತಲೆಕೂದಲು ನೆರೆತ ಹಾಗೆ, ಅಷ್ಟೇ. ಹುಚ್ಚವ್ವನಿಗೆ ಹೇಳು, ಹೆದರುವ ಕಾರಣವಿಲ್ಲ ಅಂತ.

ಕೆಂಪು ಬಣ್ಣದ ಡಬ್ಬಿ ಕಳಿಸಿದ್ದೇನೆ. ಪಕ್ಕಾ ಬಣ್ಣ. ಮಾಮಾನಿಗೆ ನಮಸ್ಕಾರ.

ಶಂಕ್ರಪ್ಪ


ಗುಳೇದಗುಡ್ಡ
3 ಮಾರ್ಚ್ 1982

ತಮ್ಮಾ,

ಕೂಡಲಸಂಗಮದ ಸಮಾರಂಭಕ್ಕೆ ನೀನೇ ಬರಲಿಲ್ಲ. ನೆಗಡಿ ಜ್ವರ ಅಂತ ತಂತಿ ಕೊಟ್ಟೆಯಂತೆ. ನೆಗಡಿಗೆ ಯಾರಾದರೂ ಸಮಾರಂಭ ಬಿಡುತ್ತಾರೇನೋ? ಸಂಗವ್ವಳ ಪಾಲಿನ ಖಣ ಅಂಚೆಯಲ್ಲಿ ಕಳಿಸಿದ್ದೇನೆ. ಅಲ್ಲಿ ಯಾರಾದರೂ ಮುತ್ತೈದೆಯ ಕೈಯಿಂದ ಅವಳ ಉಡಿಗೆ ಹಾಕಿಸು.

ಖಣ ನೋಡಿದರೆ ನಿನಗೆ ಹೊಟ್ಟೆ ತುಂಬುತ್ತದೆ. ಕರಿ ತಲೆ, ಕೆಂಪು ಮೈ, ಬಾಲ ಒಂದು ಹಕ್ಕಿಯಿಂದ ಇನ್ನೊಂದರ ಕಡೆ ಬಳುಕಿ ಹೋಗುತ್ತದೆ. ಇಳಕಲ್ಲಿನ ಸಕ್ರವ್ವ, ಹುನಗುಂದದಿಂದ ನೂಲು ಸುತ್ತುವ ಬಾನುಬಿ, ಎಲ್ಲರೂ ಸೆರಗೊಡ್ಡಿ ಇಸಿದುಕೊಂಡರು. “ಇದು ನಮ್ಮ ಸೀಮಿ ಹಕ್ಕಿ” ಅಂತ ಭಾಷಣ ಮಾಡಿದರು. ನಿನ್ನ ಮಾಮಾ ಹಿಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ನನ್ನ ಪಾಲಿನ ಖಣ ಇನ್ನೂ ಹೊಲಿಸಿಲ್ಲ, ಪೆಟ್ಟಿಗೆಯಲ್ಲಿದೆ.

ಒಂದು ಮಾತು. ಈ ಖಣ ಮಗ್ಗಕ್ಕೆ ಏರಿದಾಗಿನಿಂದ ಮಗ್ಗದ ಕೋಣೆಯಲ್ಲಿ ಒಂದು ನೊಣವಿಲ್ಲ. ಬೆಲ್ಲ ತೆರೆದಿಟ್ಟರೂ ಬರುವುದಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ. ಆದರೆ ಒಬ್ಬಳೇ ಒಳಗೆ ಹೋದರೆ ಯಾರೋ ಮೇಲೆ ಜಂತಿಯ ಹತ್ತಿರ ಕೂತು ಕೆಳಗೆ ನೋಡುತ್ತಿದ್ದಾರೆ ಅನ್ನಿಸುತ್ತದೆ. ಈಗೀಗ ಅವರಿದ್ದಾಗಲೇ ಕಸ ಗುಡಿಸುತ್ತೇನೆ.

ಗುರುಸಿದ್ದವ್ವ


ಗುಳೇದಗುಡ್ಡ
20 ಜೂನ್ 1982

ಶಂಕ್ರಪ್ಪಾ,

ಮೂರು ತಿಂಗಳಿಂದ ನಿನ್ನ ಪತ್ರವಿಲ್ಲ. ಸಿಟ್ಟು ಬಂದಿದ್ದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ಹೋದ ತಿಂಗಳು ಸಕ್ರವ್ವ ಇಳಕಲ್ಲಿನಿಂದ ಬಂದು ಕುಪ್ಪಸ ತೋರಿಸಿದಳು. ಹಕ್ಕಿಯ ಬಾಲ ಬೆಳ್ಳಗಾಗಿತ್ತು. “ಒಗದ್ರ ಹಿಂಗಾತೇನ್ರಿ? ಹಸರು ಹಂಗ ಐತಿ, ಹಕ್ಕಿ ಅಷ್ಟ ಬೆಳ್ಳಗ ಆಗ್ಯಾವ” ಅಂತ ಬೇಜಾರು ಮಾಡಿಕೊಂಡಳು. ನಾನು ಸಮಾಧಾನ ಹೇಳಿ ಕಳಿಸಿದೆ. ಹದಿನೈದು ದಿನದೊಳಗೆ ಅವಳ ಗಂಡ ಲಾರಿಗೆ ಸಿಕ್ಕು ತೀರಿಕೊಂಡ. ಮಾತಾಡಿಸಲು ಹೋದೆ. ಹಗ್ಗದ ಮೇಲೆ ಕುಪ್ಪಸ ಒಣಗುತ್ತಿತ್ತು. ಕರಿ ತಲೆಯೊಂದು ಬಿಟ್ಟು ಹಕ್ಕಿಯೆಲ್ಲ ಬಿಳಿ.

ನಿನ್ನೆ ಬಾನುಬಿಯ ಗಂಡ ಹೋದ. ಜ್ವರ ಅಂತ ಮಲಗಿದವನು ಏಳಲಿಲ್ಲ. ಅವಳ ಕುಪ್ಪಸದ ವಿಷಯ ಕೇಳುವ ಧೈರ್ಯ ನನಗಾಗಲಿಲ್ಲ, ಅದೂ ಬೆಳ್ಳಗಾಗಿದೆ ಅಂತ ಅವಳೇ ಹೇಳಿದಳು. ಉಳಿದವರದೆಲ್ಲ ಕೆಂಪಾಗಿಯೇ ಇದೆ, ಕೇಳಿ ನೋಡಿದೆ. ನನ್ನ ಖಣವನ್ನೂ ಪೆಟ್ಟಿಗೆ ತೆಗೆದು ನೋಡಿದೆ. ಕೆಂಪಗಿದೆ.

ಸಂಗವ್ವಳದು ಹೇಗಿದೆ? ಸುಮ್ಮನೆ ಕೇಳಿದೆ.

ಗುರುಸಿದ್ದವ್ವ


ಬೆಂಗಳೂರು
8 ಜುಲೈ 1982

ಅಕ್ಕಾ,

ನಿನ್ನ ಪತ್ರ ಓದಿ ನಗು ಬಂತು, ಆಮೇಲೆ ಸತ್ತವರ ನೆನಪಾಗಿ ಕೆಟ್ಟದನ್ನಿಸಿತು. ಒಂದು ಡಬ್ಬಿಯ ಬಣ್ಣ ಕೆಟ್ಟಿರಬೇಕು, ಆ ನೂಲಿನ ಖಣ ಆ ಇಬ್ಬರಿಗೇ ಹೋಗಿರಬೇಕು. ಊರಿನಲ್ಲಿ ಇದನ್ನು ಆಡಬೇಡ. ಗುರುತು ಇನ್ನೂ ಮಂಜೂರಾಗಿಲ್ಲ. ಇಂಥ ಸುದ್ದಿ ಸಾಹೇಬರ ಕಿವಿಗೆ ಬಿದ್ದರೆ ಎಲ್ಲ ಹಾಳು.

ಸಂಗವ್ವಳ ಕುಪ್ಪಸ ಕೆಂಪಗೆ ಚೆನ್ನಾಗಿದೆ. ಅವಳೀಗ ನಾಲ್ಕು ತಿಂಗಳ ಬಸುರಿ. ತಾಯಿಯಿಲ್ಲದವಳು, ಹೆರಿಗೆಗೆ ನಿನ್ನ ಮನೆಯೇ ತವರು. ಖಣದ ವ್ಯಾಪಾರಕ್ಕೆ ಇಲ್ಲಿಗೆ ಬರುವ ನಿಮ್ಮ ಓಣಿಯ ಚಂದಪ್ಪನ ಜೊತೆ ಈಗಲೇ ಕಳಿಸುತ್ತಿದ್ದೇನೆ. ನನಗೆ ಇನ್ನು ಊರೂರು ತಿರುಗುವ ಕೆಲಸ, ಮನೆಯಲ್ಲಿ ಅವಳೊಬ್ಬಳೇ ಆಗುತ್ತಾಳೆ. ಪತ್ರ ತಡವಾದರೆ ಗಾಬರಿ ಬೀಳಬೇಡ. ಕಚೇರಿಯ ವಿಳಾಸಕ್ಕೇ ಬರೆ, ಮನೆಗೆ ಬೇಡ.

ಶಂಕ್ರಪ್ಪ


ಗುಳೇದಗುಡ್ಡ
14 ಆಗಸ್ಟ್ 1982

ತಮ್ಮಾ,

ಸಂಗವ್ವ ಬಂದು ಮುಟ್ಟಿದಳು. ಮೊನ್ನೆ ಐದನೇ ತಿಂಗಳ ಕುಬಸದ ಕಾರ್ಯ ಮಾಡಿದೆವು. ಓಣಿಯ ಹೆಂಗಸರೆಲ್ಲ ಬಂದು ಹಾಡಿದರು. ಹೋಳಿಗೆಯ ಮೇಲೆ ಒಂದು ನೊಣ ಕೂರಲಿಲ್ಲ, “ಏನ್ ಚೊಕ್ಕ ಇಟ್ಟೀರಿ ಮನಿ” ಅಂತ ಹೊಗಳಿ ಹೋದರು.

ಕಾರ್ಯಕ್ಕೆ ಸಂಗವ್ವ ನಿನ್ನ ಹಕ್ಕಿಯ ಕುಪ್ಪಸವನ್ನೇ ತೊಟ್ಟಿದ್ದಳು. ಅದನ್ನು ಹತ್ತಿರದಿಂದ ನೋಡಿದೆ. ಅದರ ವಿಷಯ ಬರೆಯಲು ಮನಸ್ಸಿಲ್ಲ. ನೀನು ಒಮ್ಮೆ ಬಂದು ಹೋಗು. ರಜೆ ಕೊಡದಿದ್ದರೆ ನೌಕರಿ ಹೋಗಲಿ, ಬಾ. ಸರಿಯಾಗಿ ಉಣ್ಣು. ರಸ್ತೆ ದಾಟುವಾಗ ಎರಡೂ ಕಡೆ ನೋಡು.

ಗುರುಸಿದ್ದವ್ವ


ಬೆಂಗಳೂರು
2 ಸೆಪ್ಟೆಂಬರ್ 1982

ಅಕ್ಕಾ,

ಐದನೇ ತಿಂಗಳ ಬಸುರಿಯ ಕುಪ್ಪಸದ ಮೇಲೆ ನಿನಗೆ ಯಾಕೆ ಸಿಟ್ಟು? ಬಿಗಿಯಾಗಿ ಹೊಲಿಸಿದ್ದಾಳೆ ಅಂತಲೋ, ಬೆಂಗಳೂರಿನ ಮಾದರಿ ಅಂತಲೋ? ನಿನ್ನ ಸ್ವಭಾವ ನನಗೆ ಗೊತ್ತು. ತಾಯಿಯಿಲ್ಲದ ಹುಡುಗಿ, ಸಣ್ಣ ಮಾತಿಗೂ ನೊಂದುಕೊಳ್ಳುತ್ತಾಳೆ. ಬೇಕಾದರೆ ಬೇರೆ ಹೊಲಿಸಿಕೊಡು, ಜಗಳ ಮಾತ್ರ ಬೇಡ.

ಸದ್ಯ ಬರುವುದು ಆಗುವುದಿಲ್ಲ. ಕೆಲಸ ಬಹಳ. ರಸ್ತೆ ನೋಡಿಯೇ ದಾಟುತ್ತೇನೆ, ನಾನೇನು ಕೂಸೇ?

ಶಂಕ್ರಪ್ಪ


ಗುಳೇದಗುಡ್ಡ
11 ಅಕ್ಟೋಬರ್ 1982

ಶಂಕ್ರಪ್ಪಾ,

ಇನ್ನು ಮುಚ್ಚಿಡುವುದು ಬೇಡ. ನೀನೂ ಬೇಡ, ನಾನೂ ಬೇಡ.

ಚಂದಪ್ಪ ನಿನ್ನೆ ಬಂದ. ನಿನ್ನ ಮನೆಗೆ ಬೀಗ ಇತ್ತಂತೆ. ಪಕ್ಕದ ಮನೆಯವರು ‘ಅವರು ಆಗಸ್ಟಿನಿಂದ ದವಾಖಾನೆಯಲ್ಲಿದ್ದಾರೆ’ ಅಂದರಂತೆ. ಊರೂರು ತಿರುಗುವ ಕೆಲಸ ಅಂದೆಯಲ್ಲ, ನಾಚಿಕೆಯಾಗಲಿಲ್ಲವೇ? ಏನಾಗಿದೆ ನಿನಗೆ?

ನಾನು ಮುಚ್ಚಿಟ್ಟದ್ದು ಇದು. ಕುಬಸದ ದಿನವೇ ಸಂಗವ್ವಳ ಹಕ್ಕಿಗಳ ಬಾಲದ ತುದಿ ಬೆಳ್ಳಗಾಗಿತ್ತು. ಈಗ ಬಾಲವೆಲ್ಲ ಬಿಳಿ, ಬೆನ್ನೂ ಬಿಳಿ. ತೊಡಬೇಡ ಅಂದರೂ ಹುಡುಗಿ ಕೇಳುವುದಿಲ್ಲ, “ಅವರು ಮಾಡಿದ ಹಕ್ಕಿ ಐತ್ರಿ ಅಕ್ಕಾರ, ಅವರು ಹತ್ತರ ಇದ್ದಂಗ ಅನಸತೈತಿ” ಅನ್ನುತ್ತಾಳೆ. ಅವಳಿಗೆ ನಾನು ಏನನ್ನೂ ಹೇಳಿಲ್ಲ. ಅವಳು ಸ್ನಾನಕ್ಕೆ ಹೋದಾಗ ಆ ಕುಪ್ಪಸ ನೋಡುವುದೇ ನನ್ನ ಕೆಲಸವಾಗಿದೆ.

ನಿನ್ನ ಮಾಮಾನಿಗೆ ತೋರಿಸಿದೆ. ಬಿಸಿಲಿಗೆ ಹಿಡಿದು, ಒಂದು ಎಳೆ ಕಿತ್ತು, ಉಗುರಿನಿಂದ ಬಿಡಿಸಿ ನೋಡಿದರು. “ಬಣ್ಣ ಹೋಗಿದ್ದಲ್ಲ ಇದು. ಬಣ್ಣ ಹೋದ್ರ ಒಳಗರೆ ನಸುಗೆಂಪು ಉಳೀತಿತ್ತು. ಇದು ಹುಟ್ಟಾ ಬಿಳೇ ಎಳಿ” ಅಂದರು. ಆಮೇಲೆ ಊಟ ಮಾಡಲಿಲ್ಲ. “ನನ್ನ ಕೈಲೆ ನೇಯ್ದದ್ದು” ಅಂತ ಒಂದೇ ಮಾತು ಆಡುತ್ತ ಕೂತರು.

ಹೇಗಿದ್ದರೆ ಹಾಗೆ ಬಾ. ನಿನ್ನನ್ನು ನೋಡಬೇಕು.

ಅಕ್ಕ


ಬೆಂಗಳೂರು
24 ಅಕ್ಟೋಬರ್ 1982

ಅಕ್ಕಾ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಸಮಾರಂಭಕ್ಕೆ ಬರಲಾಗದಂತೆ ಮಾಡಿದ ಜ್ವರ ಬಿಡಲೇ ಇಲ್ಲ. ಎದೆಯ ಎಡಭಾಗದಲ್ಲಿ ಕೀವು ತುಂಬಿದೆಯಂತೆ. ಸೂಜಿಯಿಂದ ತೆಗೆದರೂ ಮತ್ತೆ ತುಂಬುತ್ತದೆ. ಬರುವ ತಿಂಗಳು ಕೊಯ್ದು ತೆಗೆಯುತ್ತಾರೆ. ಉಳಿಯುತ್ತೇನೆಯೇ ಅಂತ ಡಾಕ್ಟರರನ್ನು ಕೇಳಿದೆ. ನಾಳೆ ಮಾತಾಡೋಣ ಅಂದರು, ಮರುದಿನವೂ ಹಾಗೇ ಅಂದರು. ಸಂಗವ್ವಳಿಗೆ ತಿಳಿಸಬೇಡ. ಅವಳಿಗೆ ಗೊತ್ತಾಗಬಾರದೆಂದೇ ಕಳಿಸಿದ್ದು.

ಇಲ್ಲಿ ಕಿಟಕಿಯ ಹೊರಗೆ ಮಾವಿನ ಮರವಿದೆ. ಮೂರು ದಿನದಿಂದ ಅದರ ಮೇಲೆ ಆ ಹಕ್ಕಿ ಬಂದು ಕೂರುತ್ತಿದೆ. ಊರಿನಲ್ಲಿ ಎಷ್ಟೋ ಸಲ ನೋಡಿದ ಅದೇ ಬಿಳಿ ಹಕ್ಕಿ. ನೊಣ ಹಿಡಿಯುವುದಿಲ್ಲ, ಹಾರುವುದಿಲ್ಲ, ನನ್ನ ಮಂಚದ ಕಡೆ ಮುಖ ಮಾಡಿ ಕೂರುತ್ತದೆ. ನರ್ಸಿಗೆ ತೋರಿಸಿದೆ. ಅವಳಿಗೆ ಕಾಣಲಿಲ್ಲ.

ಅಕ್ಕಾ, ನಿನ್ನನ್ನು ಗೇಲಿ ಮಾಡಿದೆ. ಈಗ ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಆ ಕುಪ್ಪಸದಲ್ಲಿ ಎದೆಯ ಹತ್ತಿರವಾದರೂ ಒಂದೆರಡು ಎಳೆ ಕೆಂಪು ಉಳಿದಿದೆಯೇ? ನನಗೆ ಸಾಯಲು ಮನಸ್ಸಿಲ್ಲ. ಕೂಸಿನ ಮುಖ ನೋಡಬೇಕು.

ಶಂಕ್ರಪ್ಪ


ಗುಳೇದಗುಡ್ಡ
6 ನವೆಂಬರ್ 1982

ನನ್ನ ತಮ್ಮಾ,

ಕೆಂಪಾಗಿದೆ! ಬಾಲದಿಂದ ಕೊರಳಿನವರೆಗೆ ಎಲ್ಲ ಕೆಂಪು. ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ನಿನ್ನ ಪತ್ರವನ್ನು ನಿನ್ನ ಮಾಮಾನಿಗೆ ಓದಿ ಹೇಳಿದೆ. ಮರುದಿನ ಮಹಾಕೂಟಕ್ಕೆ ಹೋಗಿ ಬಂದರು. ಆಮೇಲೆ “ಸಂಗವ್ವನ ಕುಬಸ ಕೊಡು, ಬಣ್ಣದವರ ಕಡೆ ತೋರಿಸಿಕೊಂಡು ಬರ್ತೇನಿ” ಅಂತ ಇಸಿದುಕೊಂಡು ಹೋದರು. ಎರಡು ದಿನ ಬಿಟ್ಟು ತಂದುಕೊಟ್ಟರೆ ಹೊಚ್ಚ ಹೊಸದರಂತೆ ಇದೆ. ಹೊಲಿಗೆ ಸ್ವಲ್ಪ ಬೇರೆ ಕಂಡಿತು. ಕೇಳಿದ್ದಕ್ಕೆ “ಬಸರ ಹೆಂಗಸು, ಸಡಲ ಮಾಡಿಸೇನಿ” ಅಂದರು. ಇಷ್ಟು ದಿನ ಇದ್ದ ಭಾರ ಇಳಿದು ನಾನು ಅಡಿಗೆಮನೆಯಲ್ಲಿ ಕೂತು ಜೋರಾಗಿ ಅತ್ತೆ. ಸಂಗವ್ವ ಗಾಬರಿಯಾಗಿ ಓಡಿ ಬಂದಳು, ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ ಅಂದೆ.

ನಗುವಂಥದ್ದು ಇನ್ನೊಂದು ಕೇಳು. ಅವತ್ತೇ ಸಂಜೆ ನಿನ್ನ ಮಾಮಾ ನನ್ನನ್ನು ಜಗುಲಿಯ ಮೇಲೆ ಕೂರಿಸಿ, ತಾವೇ ನನಗೆ ಉಡಿ ತುಂಬಿದರು! ಗಂಡಸು ಉಡಿ ತುಂಬುವುದನ್ನು ಎಲ್ಲಾದರೂ ಕಂಡಿದ್ದೀಯಾ? “ಆಯುಷ್ಯಪೂರ್ತಿ ಮಂದಿ ಉಡಿಗೆ ನೇಯ್ದೇನಿ. ಒಮ್ಮೆ ನನ್ನ ಹೆಂಡತಿ ಉಡಿಗೂ ನಾನ ಹಾಕ್ತೇನಿ, ಒಡ್ಡು ಸೆರಗ” ಅಂದರು. ಅಕ್ಕಿ, ಕೊಬ್ಬರಿ, ಬಿಳಿ ವಸ್ತ್ರದಲ್ಲಿ ಸುತ್ತಿದ ಒಂದು ಖಣ. “ಕೂಸು ಹುಟ್ಟೂತನಕ ಬಿಚ್ಚಬ್ಯಾಡ” ಅಂದರು. ಮುದುಕರಾದ ಮೇಲೆ ಸರಸ. ನಾಚಿಕೊಂಡು ಹಾಗೇ ಒಯ್ದು ಪೆಟ್ಟಿಗೆಯಲ್ಲಿಟ್ಟೆ.

ಧೈರ್ಯದಿಂದಿರು. ನಿನಗೇನೂ ಆಗುವುದಿಲ್ಲ.

ಅಕ್ಕ


ಬೆಂಗಳೂರು
22 ನವೆಂಬರ್ 1982

ಅಕ್ಕಾ,

ಬದುಕಿದೆ! ಕೊಯ್ದು ಎಲ್ಲ ತೆಗೆದರು. ಜ್ವರವಿಲ್ಲ. ನಿನ್ನೆ ಎರಡು ಇಡ್ಲಿ ತಿಂದು ಮೂರನೆಯದು ಕೇಳಿದೆ. ‘ನೀವು ಉಳಿದದ್ದು ನಮಗೇ ಆಶ್ಚರ್ಯ’ ಅಂತ ಡಾಕ್ಟರರು ಈಗ ಬಾಯಿಬಿಟ್ಟು ಹೇಳುತ್ತಾರೆ. ಮಾವಿನ ಮರದ ಮೇಲೆ ಈಗ ಕಾಗೆ ಮಾತ್ರ ಇವೆ. ಜ್ವರದಲ್ಲಿ ಏನೇನೋ ಕಂಡು, ಏನೇನೋ ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೋಡಿದೆಯಾ, ಬಣ್ಣದವರು ಒಂದು ಸಲ ಅದ್ದಿ ತೆಗೆದರೆ ಹಕ್ಕಿ ಕೆಂಪು. ಮೊದಲೇ ಹೇಳಿದ್ದೆ, ಎಲ್ಲ ಬಣ್ಣದ ದೋಷ ಅಂತ.

ಇನ್ನೂ ಒಂದು ಸಂತೋಷದ ಸುದ್ದಿ. ನಮ್ಮ ಹಕ್ಕಿ ಮಂಜೂರಾಯಿತು. ಇನ್ನು ಮೇಲೆ ನಮ್ಮ ಸೀಮೆಯ ಗುರುತು ಅದೇ. ಮೊದಲ ಪತಾಕೆಯನ್ನು ಮಾಮಾನ ಕೈಯಿಂದಲೇ ನೇಯಿಸಬೇಕೆಂದು ಸಾಹೇಬರು ಹೇಳಿದ್ದಾರೆ. ನೂಲು ಕಳಿಸುತ್ತಾರೆ. ಮಾಮಾ ಈಗಲೇ ಮೀಸೆ ತಿರುವಲಿ. ಹದಿನೈದು ದಿನದಲ್ಲಿ ಬಿಡುತ್ತಾರಂತೆ, ನೇರ ನಿನ್ನ ಮನೆಗೇ ಬರುತ್ತೇನೆ.

ಶಂಕ್ರಪ್ಪ


ಗುಳೇದಗುಡ್ಡ
5 ಡಿಸೆಂಬರ್ 1982

ಶಂಕ್ರಪ್ಪಾ,

ನಿನ್ನ ಮಾಮಾ ಹೋದರು. ಕಳೆದ ಭಾನುವಾರ. ಬೆಳಗ್ಗೆ ರೊಟ್ಟಿ ತಿಂದು ಮಗ್ಗದ ಕುಣಿಯಲ್ಲಿ ಇಳಿದು ಕೂತರು. ಲಾಳಿಯ ಸದ್ದು ನಿಂತದ್ದು ಕೇಳಿ ನೂಲು ಹರಿದಿರಬೇಕು ಅಂದುಕೊಂಡೆ. ಆಮೇಲೆ ಹೋಗಿ ನೋಡಿದರೆ ನೇಯ್ದ ಬಟ್ಟೆಯ ಮೇಲೆ ತಲೆಯಿಟ್ಟಿದ್ದರು. ಯಾವ ರೋಗವೂ ಇರಲಿಲ್ಲ.

ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಮಂದಿ ಬರುತ್ತಿದ್ದರು. ಸೋಮವಾರ ಎತ್ತುವ ಮೊದಲು ಅಂಚೆಯವನು ನಿನ್ನ ಪತ್ರ ತಂದ. ಚಂದಪ್ಪ ಮೂಲೆಗೆ ಕರೆದು ಓದಿ ಹೇಳಿದ. ನೀನು ಬದುಕಿದೆ ಅಂತ ಕೇಳಿ ನನಗೆ ಸಂತೋಷವಾಯಿತು ಕಣೋ. ಗಂಡನ ಹೆಣ ಎದುರಿಗಿತ್ತು, ನನ್ನ ಮುಖದಲ್ಲಿ ನಗು ಬಂತು. ಮಂದಿ ನೋಡಿದರು.

ಹುಚ್ಚವ್ವ ಮಣ್ಣಿಗೆ ಬಂದಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಹೇಳಿದಳು. “ನಿನ್ನ ಗಂಡ ಬಂದಿದ್ದ ಹೊಂಡದ ಕಡೆ. ಬೆಳ್ಳಗಾದ ಹಕ್ಕೀನ ತಿರಗಿ ಕೆಂಪು ಮಾಡಾಕ ಬರತೈತೇನ ಅಂತ ಕೇಳಿದ. ಬರೂದಿಲ್ಲಪಾ ಅಂದೆ. ಆದ್ರ ಮತ್ತೊಬ್ಬಾಕಿ ಉಡಿಗೆ ಬಿದ್ರ ಅದು ಆಕೀದ ಆಕ್ಕೈತಿ ಅಂದೆ. ಯಾರ ಸಲುವಾಗಿ ಕೇಳಾಕತ್ತಾನಂತ ನನಗ ಗೊತ್ತಾಗಲಿಲ್ಲವ್ವಾ.”

ಪೆಟ್ಟಿಗೆ ತೆಗೆದೆ. ನನ್ನ ಖಣ ಅಲ್ಲಿರಲಿಲ್ಲ. ಅದನ್ನೇ ಹೊಲಿಸಿ ಸಂಗವ್ವಳಿಗೆ ಕೊಟ್ಟಿದ್ದರು. ಉಡಿಯ ಗಂಟು ಬಿಚ್ಚಿದೆ. ಒಳಗಿದ್ದದ್ದು ಹೊಸ ಖಣವಲ್ಲ, ಹೊಲಿಗೆ ಬಿಚ್ಚಿ ಮಡಿಸಿದ ಸಂಗವ್ವಳ ಕುಪ್ಪಸ. ಸೂಜಿಯ ತೂತುಗಳು ಹಾಗೇ ಇದ್ದವು. ಒಂದೇ ಒಂದು ಕೆಂಪು ಎಳೆ ಇರಲಿಲ್ಲ.

ಸಂಗವ್ವಳಿಗೆ ಇದು ತಿಳಿಯಬಾರದು. ಮಾಮಾನ ಸಾವಿಗೇ ಅವಳು ಅತ್ತು ಸೊರಗಿದ್ದಾಳೆ. ನಿನ್ನ ಗುರುತನ್ನು ಬೋರ್ಡಿನ ಮೇಲೆ ಬರೆಸು, ಕಾಗದದ ಮೇಲೆ ಅಚ್ಚು ಹಾಕಿಸು, ನನ್ನ ತಕರಾರಿಲ್ಲ. ಇನ್ನು ಯಾವ ಹೆಂಗಸಿನ ಉಡಿಗೂ ಅದು ಹೋಗಬಾರದು. ಇಷ್ಟನ್ನು ನೀನು ನಡೆಸಿಕೊಡಬೇಕು.

ಅವರು ನಿನ್ನನ್ನು ಇಷ್ಟು ಪ್ರೀತಿಸುತ್ತಿದ್ದರು ಅಂತ ನನಗೆ ಗೊತ್ತಿರಲಿಲ್ಲ. ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ನನಗೆ ಅವರ ಮೇಲೆ ಬಹಳ ಸಿಟ್ಟಿದೆ. ನನ್ನನ್ನು ಒಂದು ಮಾತು ಕೇಳಬೇಕಿತ್ತು. ತಮ್ಮ ಬೇಕೋ ಗಂಡ ಬೇಕೋ ಅಂತ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ದಿನವೂ ಇದನ್ನೇ ಕೇಳಿಕೊಳ್ಳುತ್ತೇನೆ. ಒಂದು ದಿನ ಬರುವ ಉತ್ತರ ಮರುದಿನ ಬರುವುದಿಲ್ಲ. ಅದು ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ, ಅದಕ್ಕೇ ಕೇಳದೆ ಹೋದರು.

ಸಂಗವ್ವಳಿಗೆ ದಿನ ತುಂಬಿವೆ, ಬೇಗ ಬಾ. ಬಂದಾಗ ನಾನು ನಿನ್ನ ಮುಖ ನೋಡದಿದ್ದರೆ ನೊಂದುಕೊಳ್ಳಬೇಡ. ಸ್ವಲ್ಪ ದಿನ ಹಾಗಾಗುತ್ತದೆ.

ನಿನ್ನ ಅಕ್ಕ
ಗುರುಸಿದ್ದವ್ವ